ಟ್ರೇನಿ ನೌಕರಿಗೂ "2 ವರ್ಷ ಅನುಭವ" ಕೇಳಿದ್ರ ಏನ್ ಮಾಡೂದು? ಬೆಳಗಾವಿ ಕಡೆ ಹುಡುಗೂರಿಗೆ ಪೂರ್ತಿ ಗೈಡ್

"ಟ್ರೇನಿ ಇಂಜಿನಿಯರ್ ಬೇಕಾಗಿದ್ದಾರೆ. ಅನುಭವ 2ರಿಂದ 3 ವರ್ಷ. ಪಗಾರ 14 ಸಾವಿರ." ಇಂಥಾ ಜಾಹೀರಾತು ನೌಕರಿ ವಾಟ್ಸಾಪ್ ಗ್ರೂಪ್‌ನ್ಯಾಗ ದಿನಾ ಬೀಳ್ತಾವ. ಟ್ರೇನಿ ಅಂತ ನೀವ ಬರೀತೀರಿ, ಅನುಭವಾನೂ ನೀವ ಕೇಳ್ತೀರಿ, ಹಂಗಾದ್ರ ಮೊದಲನೇ ನೌಕರಿ ಕೊಡೂದ್ಯಾರು ಅಂತ ಹುಡುಗೂರು ಕೇಳೂದ್ರಾಗ ಏನೂ ತಪ್ಪಿಲ್ಲ. ನಾನು ಬೆಳಗಾವಿ ಉದ್ಯಮಬಾಗ ಇಂಡಸ್ಟ್ರಿಯಲ್ ಏರಿಯಾದ ಒಂದು ಮಷಿನ್ ಶಾಪ್‌ನ್ಯಾಗ ಕ್ವಾಲಿಟಿ ನೋಡ್ಕೊಳ್ಳಾಂವ, ಇಂಟರ್ವ್ಯೂ ಇದ್ದಾಗ ನನ್ನೂ ಕರದು ಕುಂಡ್ರಸ್ತಾರ, ಹಿಂಗಾಗಿ ಟೇಬಲ್‌ನ ಆಚೀ ಕಡೆ ಏನ್ ಮಾತಾಡ್ತಾರ ಅನ್ನೂದು ಗೊತ್ತೈತಿ. ಜಾಸ್ತಿ ಉದಾಹರಣೆ ಮೆಕ್ಯಾನಿಕಲ್ ಕಡಿಂದನ ಬರ್ತಾವ, ಬಿಕಾಂ, ಬಿಎಸ್ಸಿ ಆದವ್ರದ್ದೂ ನಡುವ ಹೇಳ್ತೀನಿ, ನಿಮ್ಮ ಫೀಲ್ಡಿಗೆ ಹೊಂದಿಸ್ಕೋರಿ.

ಮೊದಲ, ಆ "2 ವರ್ಷ" ಎಲ್ಲಿಂದ ಬಂತು ನೋಡ್ರಿ

ಕೂತು ಯೋಚನೆ ಮಾಡಿ ಜಾಹೀರಾತು ಬರಿಯೂ ಕಂಪನಿ ಕಡಿಮಿ. ಒಬ್ಬಾಂವ ಕೆಲಸಾ ಬಿಟ್ಟು ಪುಣೆಗೆ ಹೋಗಿರ್ತಾನ, ಅಂವಗ ಎರಡು ವರ್ಷ ಅನುಭವ ಇತ್ತು, ಮಾಲಕರು "ಅಂವನಂಥಾವನ್ನ ಇನ್ನೊಬ್ಬನ್ನ ನೋಡ್ರಿ" ಅಂತಾರ, ಎಚ್‌ಆರ್‌ನವ್ರು ಹಳೇ ಜಾಹೀರಾತು ಕಾಪಿ ಹೊಡದು ಹಾಕಿಬಿಡ್ತಾರ, ಮುಗೀತು. ಇನ್ನ ಕೆಲವು ಕಡೆ ಅರ್ಜಿ ಕಡಿಮಿ ಬರ್ಲಿ ಅಂತನ ಹಾಕ್ತಾರ. ವಿಟಿಯು ಹೆಡ್ ಆಫೀಸ್ ಇರೂದ ನಮ್ಮೂರಾಗ, ಸುತ್ತ ಇಂಜಿನಿಯರಿಂಗ್ ಕಾಲೇಜು, ಡಿಪ್ಲೊಮಾ ಕಾಲೇಜು ಏನ್ ಕಡಿಮಿ ಇಲ್ಲ, "ಫ್ರೆಶರ್ ನಡೀತೈತಿ" ಅಂತ ಬರದ್ರ ಎಚ್‌ಆರ್ ಫೋನು ಚಾರ್ಜ್ ಇಳಿಯೂತನಾ ಬಡ್ಕೋತನ ಇರತೈತಿ.

ಮೂರನೇ ಕಾರಣ ಖರೇವಂದ್ರ ಹೆದರಿಕಿ. ಸಿಎನ್‌ಸಿ (ಕಂಪ್ಯೂಟರ್ ಮ್ಯಾಲ ನಡಿಯೂ ಮಷಿನ್) ಶಾಪ್ ಇರ್ಲಿ ಫೌಂಡ್ರಿ (ಎರಕದ ಕಾರ್ಖಾನಿ) ಇರ್ಲಿ, ಹೊಸಬ ಕೆಲಸಾ ಹಿಡಿಯಾಕ ತಿಂಗಳಗಟ್ಟಲೆ ಬೇಕು, ಅಲ್ಲೀತನಾ ಅಂವ ಮಾಡಿದ ರಿಜೆಕ್ಷನ್ (ಕೆಟ್ಟ ಮಾಲು) ಕಂಪನಿ ತಲಿ ಮ್ಯಾಲ, ಇನ್ನೇನ ಕಲತಾ ಅನ್ನೂದ್ರಾಗ ಪುಣೆ ಕಡಿ ಚಾಕಣ ಇಲ್ಲಾ ಬೆಂಗಳೂರಿನ ಗಾಡಿ ಹತ್ತಿಬಿಡ್ತಾನ. ಅದಕ್ಕ ಬ್ಯಾರೆದವ್ರು ಕಲಿಸಿದಾಂವನ್ನ ನಾವು ತಗೊಳೂಣು ಅಂತ ಲೆಕ್ಕಾ ಹಾಕ್ತಾರ. ಎಲ್ಲಾರೂ ಇದ ಲೆಕ್ಕಾ ಹಾಕಿದ್ರ ಕಲಸಾವ್ರು ಯಾರ್ರೀ ಅಂತ ನಮ್ಮ ಮಾಲಕರ ಮುಂದನ ನಾ ಕೇಳೀನಿ, ನಕ್ಕು ಚಹಾ ತರಿಸ್ತಾರ. ನನ್ನ ಕೇಳಿದ್ರ ಇದು ಜಿಪುಣತನ. ಆದ್ರ ಅದನ್ನ ಬೈಕೋತ ಕುಂತ್ರ ನಿಮ್ಮ ಹೊಟ್ಟಿ ತುಂಬೂದಿಲ್ಲ, ಅದಕ್ಕ ಆ ಎರಡು ವರ್ಷದ ಹಿಂದಿರೂ ಹೆದರಿಕಿ ಮೂರೂ ಹಿಡಕೋರಿ: ಮಾಲು ಕೆಡಸ್ತಾನೇನೋ, ಕಲಿಯಾಕ ಭಾಳ ದಿನಾ ತಗೋತಾನೇನೋ, ಬಿಟ್ಟು ಹೋಗ್ತಾನೇನೋ. ಕೆಳಗ ಹೇಳೂ ಒಂದೊಂದು ಹಂತಾನೂ ಇದ್ರಾಗ ಯಾವುದರ ಒಂದಕ್ಕ ಉತ್ತರ.

ಹಂತ 1: ಯಾವುದಕ್ಕ ಅರ್ಜಿ ಹಾಕೂದು, ಯಾವುದು ಬಿಡೂದು

ಪಗಾರ ನೋಡ್ರಿ, ವರ್ಷ ಆಮ್ಯಾಲ ನೋಡ್ರಿ. ಪಗಾರ 12ರಿಂದ 16 ಸಾವಿರ ಇಟ್ಟು 2 ವರ್ಷ ಅನುಭವ ಕೇಳಿದ್ರ, ಖರೇನ 2 ವರ್ಷ ಕೆಲಸಾ ಮಾಡಿದಾಂವ ಆ ರೊಕ್ಕಕ್ಕ ಬರೂದು ಕಷ್ಟ, ಎಚ್‌ಆರ್‌ಗೂ ಒಳಗ ಅದು ಗೊತ್ತಿರತೈತಿ, ಕಡೀಕ ಫ್ರೆಶರ್‌ನ ತಗೋತಾರ. ಅಂಥಾದ್ಕ ಕಣ್ಣಮುಚ್ಚಿ ಹಾಕ್ರಿ. 1ರಿಂದ 3 ವರ್ಷ ಅಂತ ಇದ್ದು ಕೆಲಸದ ವಿವರದಾಗ ಅರ್ಧಕ್ಕಿಂತ ಜಾಸ್ತಿ ನಿಮಗ ಬರ್ತಿದ್ರನೂ ಹಾಕ್ರಿ. 5 ವರ್ಷ ಕೇಳಿ "ಟೀಮ್ ನೋಡ್ಕೋಬೇಕು, ಕಸ್ಟಮರ್ ಆಡಿಟ್ ಎದುರಸಬೇಕು" ಅಂತ ಇದ್ರ ಅಲ್ಲಿ ಖರೇನ ಅನುಭವ ಬೇಕಾಗಿರತೈತಿ, ನಿಮ್ಮ ಟೈಮೂ ಹಾಳು, ಅವ್ರದೂ ಹಾಳು.

ಎರಡು ಕಡೆ ಮಾತ್ರ ವರ್ಷದ ಲೆಕ್ಕ ಅಳ್ಳಾಡೂದಿಲ್ಲ. ಒಂದು ಸರ್ಕಾರಿ ನೋಟಿಫಿಕೇಶನ್, ಅಲ್ಲಿ ಇಂಥಾ ತಾರೀಖಿಗೆ ಇಷ್ಟು ವರ್ಷ ಅಂದ್ರ ಅಷ್ಟ, ಒಂದು ದಿನ ಕಡಿಮಿ ಆದ್ರೂ ಅರ್ಜಿ ರಿಜೆಕ್ಟ್. ಇನ್ನೊಂದು ಕಾನೂನ ಸರ್ಟಿಫಿಕೇಟ್ ಕೇಳೂ ಕೆಲಸಾ, ಸಕ್ಕರಿ ಕಾರ್ಖಾನಿ ಬಾಯ್ಲರ್ ಅಟೆಂಡಂಟ್ ಇದ್ದಂಗ, ಅಲ್ಲಿ ಮಾಲಕರು ಮನಸ್ಸು ಮಾಡಿದ್ರೂ ನಿಮ್ಮನ್ನ ತಗೊಳ್ಳಾಕ ಬರೂದಿಲ್ಲ.

ಇನ್ನ ಜಾಹೀರಾತಿನ ಕೆಲಸದ ವಿವರ ಒಂದು ಹಾಳಿ ಮ್ಯಾಲ ಬರಕೊಂಡು ಒಂದೊಂದು ಸಾಲಿನ ಮುಂದ ಗುರ್ತು ಮಾಡ್ರಿ: ಇದು ಬರತೈತಿ, ಇದನ್ನ ಎರಡು ಮೂರು ವಾರದಾಗ ಕಲೀಬಹುದು, ಇದು ಕೆಲಸಕ್ಕ ಹೋದ ಮ್ಯಾಲನ ಬರೂದು. ನಮ್ಮ ಕಡೆ ಕ್ಯೂಸಿ (ಕ್ವಾಲಿಟಿ ಕಂಟ್ರೋಲ್) ಜಾಹೀರಾತು ತಗೊಂಡ್ರ ವರ್ನಿಯರ್, ಮೈಕ್ರೋಮೀಟರ್, ಡ್ರಾಯಿಂಗ್ ಓದೂದು, ಇನ್‌ಸ್ಪೆಕ್ಷನ್ ರಿಪೋರ್ಟ್, ಎಕ್ಸೆಲ್, 7 ಕ್ಯೂಸಿ ಟೂಲ್ಸ್ (ತಪ್ಪಿನ ಕಾರಣ ಹುಡುಕೂ ಏಳು ವಿಧಾನ), ಪಿಪಿಎಪಿ (ಹೊಸ ಪಾರ್ಟಿಗೆ ಕಸ್ಟಮರ್ ಒಪ್ಪಿಗಿ ತಗೊಳ್ಳೂ ಕಾಗದಪತ್ರ) ಅಂತ ಇರತೈತಿ. ಇದ್ರಾಗ ಪಿಪಿಎಪಿ ಒಂದು ಬಿಟ್ಟು ಉಳದದ್ದೆಲ್ಲಾ ಎರಡನೇ ಗುಂಪಿಂದು. ಹತ್ತು ಜಾಹೀರಾತಿಗೆ ಹಿಂಗ ಮಾಡಿದ್ರ ಅವ ನಾಕೈದು ಸಾಲು ತಿರಗಾಮುರಗಾ ಬರ್ತಾವ, ಅವನ್ನ ನೀವು ಕಲಿಯಬೇಕಾದದ್ದು. ಇನ್‌ಸ್ಟಾಗ್ರಾಮ್‌ನ್ಯಾಗ ಯಾರೋ "2 ತಿಂಗಳದಾಗ ಎಐ ಇಂಜಿನಿಯರ್" ಅಂದ ಕೋರ್ಸಿಗೆ ಅಪ್ಪನ ರೊಕ್ಕಾ ಕಟ್ಟಬ್ಯಾಡ್ರಿ.

ಹಂತ 2: ಕೈಯಾಗ ಬರೂದನ್ನ ತೋರಿಸುವಂಗ ಮಾಡ್ಕೋರಿ

ನಮ್ಮಲ್ಲಿ ಇಂಟರ್ವ್ಯೂ ಟೇಬಲ್ ಮ್ಯಾಲ ಒಂದು ಗ್ರೈಂಡಿಂಗ್ ಆದ ಶಾಫ್ಟ್, ಅದರ ಡ್ರಾಯಿಂಗ್, ಒಂದು ವರ್ನಿಯರ್, ಒಂದು 0-25 ಮೈಕ್ರೋಮೀಟರ್ ಇಡ್ತೀವಿ. ಡ್ರಾಯಿಂಗ್‌ನ್ಯಾಗ ಡಯಾ 20, ಸಣ್ಣ ಎಚ್6 (h6) ಅಂತ ಇರತೈತಿ, ಸೈಜಿನ್ಯಾಗ ಎಷ್ಟು ಹೆಚ್ಚುಕಡಿಮಿ ನಡೀತೈತಿ ಅನ್ನೂ ಟಾಲರನ್ಸ್ ಗುರ್ತು ಅದು. ಅಂದ್ರ ಸೈಜು 20.000ರಿಂದ 19.987 ಮಿಮೀ ಒಳಗ ಬರಬೇಕು, ಇರೂದ ಬರೇ 13 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರ ಮಿಮೀದ ಸಾವಿರದಾಗ ಒಂದು ಭಾಗ) ಜಾಗಾ. ಭಾಳ ಮಂದಿ ಸೀದಾ ವರ್ನಿಯರ್‌ಗೆ ಕೈ ಹಾಕ್ತಾರ. ವರ್ನಿಯರ್ ಲೀಸ್ಟ್ ಕೌಂಟ್ (ಅದ್ರಾಗ ಓದಾಕ ಬರೂ ಎಲ್ಲಾಕಿಂತ ಸಣ್ಣ ಅಳತಿ) 0.02 ಮಿಮೀ, ಅಂದ್ರ 20 ಮೈಕ್ರಾನ್, ಟಾಲರನ್ಸ್‌ಗಿಂತ ಅಳತಿ ಪಟ್ಟೀನ ದಪ್ಪ ಆತು, ಹೆಂಗ ಅಳೀತೀರಿ? ಒಂದಿಬ್ಬರು ಮೈಕ್ರೋಮೀಟರ್ ಎತ್ಕೋತಾರ, ಮೊದಲ ಅನ್ವಿಲ್ ಒರಸ್ತಾರ, ಮುಚ್ಚಿ ಝೀರೋ ನೋಡ್ತಾರ, ರ‍್ಯಾಚೆಟ್ ಹಿಡದು ಟಿಕ್ ಟಿಕ್ ಅನ್ನೂತನಾ ತಿರಗಸ್ತಾರ, ಶಾಫ್ಟಿನ ಎರಡೂ ತುದೀಗೆ ಮತ್ತ ನಡುವ, ಹೊಳ್ಳಿಸಿ ಇನ್ನೊಮ್ಮೆ, ಹಿಂಗ ಅಳೀತಾರ. ಅವ್ರಾಗ ಒಬ್ಬಾಕಿ ಇದಕ್ಕ 0.01 ಮೈಕ್ರೋಮೀಟರೂ ಸಾಲೂದಿಲ್ರೀ ಸರ್, ಒಂದು ಮೈಕ್ರಾನ್ ಓದೂ ಡಿಜಿಟಲ್ ಕೊಡ್ರಿ ಅಂದ್ಲು. ಆಕಿ ರೆಸ್ಯೂಮೆದಾಗ ಅನುಭವದ ಕಾಲಂ ಖಾಲಿ ಇತ್ತು, ಯಾರೂ ಅದನ್ನ ಕೇಳಲಿಲ್ಲ.

ಇದನ್ನೆಲ್ಲಾ ಕಲಿಯಾಕ ಭಾಳ ಖರ್ಚಿಲ್ಲ. ಕಾಲೇಜಿನ ಮೆಟ್ರಾಲಜಿ ಲ್ಯಾಬ್‌ನ್ಯಾಗ ಇವೆಲ್ಲಾ ಕಪಾಟಿನ್ಯಾಗ ಮಲಗಿರ್ತಾವ, ಕೊನೇ ಸೆಮಿಸ್ಟರ್‌ದಾಗ ಲ್ಯಾಬ್ ಸರ್‌ಗೆ ಕೇಳ್ಕೊಂಡು ದಿನಾ ಒಂದ್ ತಾಸು ಕುಂಡ್ರಿ. ಪಾಸಾಗಿ ಹೊರಗ ಬಂದಿದ್ರ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ) ಬೆಳಗಾವಿಯೊಳಗನ ಐತಿ, ಸಿಎನ್‌ಸಿ, ಕ್ಯಾಡ್-ಕ್ಯಾಮ್ ಶಾರ್ಟ್ ಟರ್ಮ್ ಕೋರ್ಸ್ ನಡಸ್ತಾರ, ಸರ್ಕಾರಿ ಸಂಸ್ಥೆ ಅಂತ ಶಾಪ್‌ನವ್ರು ಅದರ ಸರ್ಟಿಫಿಕೇಟ್ ಒಪ್ಕೋತಾರ.

ಬಿಕಾಂದವ್ರಿಗೆ ಇದ ಪರೀಕ್ಷೆ ಟ್ಯಾಲಿ ಅನ್ನೂ ಲೆಕ್ಕದ ಸಾಫ್ಟ್‌ವೇರ್ ಮುಂದ ಕೂಡ್ರಿಸಿ ಮಾಡ್ತಾರ. ರವಿವಾರ ಪೇಟಿ ಹೋಲ್‌ಸೇಲ್ ಅಂಗಡಿ ಅಂತ ತಿಳ್ಕೋರಿ, ಕೊಲ್ಹಾಪುರದ ಪಾರ್ಟಿಗೆ 60 ಸಾವಿರದ ಮಾಲು ಹೊಂಟೈತಿ, ಬಿಲ್ ಮಾಡ್ರಿ ಅಂತಾರ. ರಾಜ್ಯದ ಗಡಿ ದಾಟೂದಕ್ಕ ಐಜಿಎಸ್‌ಟಿ ಬೀಳತೈತಿ, ಅದ ಮಾಲು ಬಾಗಲಕೋಟಿಗೆ ಹೋಗಿದ್ರ ಸಿಜಿಎಸ್‌ಟಿ ಮತ್ತ ಎಸ್‌ಜಿಎಸ್‌ಟಿ, 50 ಸಾವಿರ ದಾಟಿದ್ದಕ್ಕ ಇ-ವೇ ಬಿಲ್ಲೂ (ಮಾಲು ಸಾಗಸೂದಕ್ಕ ಆನ್‌ಲೈನ್ ತಗಿಯೂ ಕಾಗದ) ಬೇಕು. ತಿಂಗಳಾ ತಿಂಗಳಾ ರಿಟರ್ನ್ ಹಾಕಾವ್ರಿಗೆ ಜಿಎಸ್‌ಟಿಆರ್-1 (ಮಾರಾಟದ ರಿಟರ್ನ್) 11ನೇ ತಾರೀಖಿಗೆ, 3ಬಿ (ಟ್ಯಾಕ್ಸ್ ಕಟ್ಟೂ ರಿಟರ್ನ್) 20ಕ್ಕ, ನಡುವ 14ಕ್ಕ ಬರೂ 2ಬಿ (ಖರೀದಿ ಮ್ಯಾಲಿನ ಟ್ಯಾಕ್ಸ್ ಪಟ್ಟಿ) ತಗದು ಖರೀದಿ ಬಿಲ್ ಜೋಡಿ ತಾಳೆ ಹಾಕಿ ನೋಡಬೇಕು. ಇಷ್ಟು ಬಾಯಿಲೆ ಹೇಳಿ ಕೈಲೆ ಮಾಡಿ ತೋರಿಸಿದ್ರ "1 ವರ್ಷ ಟ್ಯಾಲಿ ಅನುಭವ" ಅನ್ನೂ ಸಾಲು ಅಲ್ಲೇ ಕರಗತೈತಿ. ಟ್ಯಾಲಿ ಎಜುಕೇಶನ್ ಮೋಡ್ ಫ್ರೀ ಐತಿ, ತಾರೀಖಿನ ಲಿಮಿಟ್ ಇರತೈತಿ ಆದ್ರ ಕಲಿಯಾಕ ಸಾಕು. ನಿಮ್ಮ ಮಾಮಾಂದೋ ಕಾಕಾಂದೋ ಕಿರಾಣಿ ಅಂಗಡಿ ಇದ್ರ ಅದರ ಹಿಂದಿನ ಮೂರು ತಿಂಗಳ ಬಿಲ್ ಎಂಟ್ರಿ ಮಾಡಿ ನೋಡ್ರಿ, ಪುಸ್ತಕದಾಗ ಸಿಗದಿದ್ದ ಗದ್ದಲಾ ಎಲ್ಲಾ ಅಲ್ಲಿ ಸಿಗತೈತಿ.

ಬಿಎಸ್ಸಿ ಕೆಮಿಸ್ಟ್ರಿ ಆದವ್ರು ಸಕ್ಕರಿ ಕಾರ್ಖಾನಿ ಲ್ಯಾಬ್ ಮರೀಬ್ಯಾಡ್ರಿ. ಬೆಳಗಾವಿ, ಬಾಗಲಕೋಟಿ, ವಿಜಯಪುರ ಮೂರೂ ಕಬ್ಬಿನ ಸೀಮಿ, ಕಬ್ಬು ನುರಸೂದು ಅಕ್ಟೋಬರ್-ನವೆಂಬರ್ ಸುಮಾರಿಗೆ ಶುರು ಆಗತೈತಿ, ಸೀಜನ್ ಸಲುವಾಗಿ ಲ್ಯಾಬಿಗೆ ಮಂದಿ ಬೇಕಾಗ್ತಾರ. ಬ್ರಿಕ್ಸ್ (ರಸದಾಗ ಕರಗಿದ ಒಟ್ಟು ಪದಾರ್ಥ), ಪೋಲ್ (ಅದ್ರಾಗಿನ ಸಕ್ಕರಿ) ತಗಿಯೂದು, ಪೋಲ್‌ನ ಬ್ರಿಕ್ಸ್‌ಲೆ ಭಾಗಿಸಿ ನೂರಲೆ ಗುಣಿಸಿ ಪ್ಯೂರಿಟಿ ಹೇಳೂದು ಓದ್ಕೊಂಡು ಆಗಸ್ಟ್-ಸೆಪ್ಟೆಂಬರ್‌ದಾಗನ ಅಡ್ಡಾಡಾಕ ಶುರು ಮಾಡ್ರಿ. ಒಂದು ಸೀಜನ್ ರಾತ್ರಿ ಪಾಳಿ ಮಾಡಿದ್ರ ಮುಂದಿನ ಕಾರ್ಖಾನಿಗೆ ನೀವ ಅನುಭವಸ್ತರು.

ಸಾಫ್ಟ್‌ವೇರ್‌ನವ್ರಿಗೆ ಹೇಳೂದು ಕಡಿಮಿ: ಯಾರರ ಖರೇನ ವಾಪರಸೂ ಒಂದು ಚೊಲೋ ಪ್ರಾಜೆಕ್ಟ್, ಅದರ ಕೋಡ್ ಗಿಟ್‌ಹಬ್‌ನ್ಯಾಗ. ಎಲ್ಲಾರೂ ಮಾಡೂ ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಬ್ಯಾಡ.

ಹಂತ 3: ಒಂದು ವರ್ಷ ಅನುಭವ ಕಾನೂನು ಪ್ರಕಾರನ ಗಳಿಸೂದು

ಇದು ನಮ್ಮ ಹುಡುಗೂರಿಗೆ ಗೊತ್ತ ಇರೂದಿಲ್ಲ, ಗೊತ್ತಿದ್ರೂ ಅಪ್ರೆಂಟಿಸ್ ಅಂದ್ರ ಐಟಿಐದವ್ರಿಗಷ್ಟ ಅಂತ ತಿಳಕೊಂಡಿರ್ತಾರ. 1961ರ ಅಪ್ರೆಂಟಿಸ್ ಕಾಯ್ದೆ ಕೆಳಗ ಡಿಗ್ರಿ, ಡಿಪ್ಲೊಮಾ ಆದವ್ರಿಗೂ ಒಂದು ವರ್ಷದ ತರಬೇತಿ ಐತಿ, ಅದಕ್ಕ ನ್ಯಾಟ್ಸ್ ಅಂತಾರ, ನಮ್ಮ ದಕ್ಷಿಣ ಭಾಗದ್ದು ಚೆನ್ನೈದ ಅಪ್ರೆಂಟಿಸ್ ತರಬೇತಿ ಬೋರ್ಡ್ ನೋಡ್ಕೋತೈತಿ. ನ್ಯಾಟ್ಸ್ ಪೋರ್ಟಲ್‌ನ್ಯಾಗ ನೀವ ರಿಜಿಸ್ಟರ್ ಆಗಬೇಕು, ಮಾರ್ಕ್ಸ್ ಕಾರ್ಡ್, ಆಧಾರ್, ಆಧಾರ್ ಜೋಡಿಸಿದ ಬ್ಯಾಂಕ್ ಅಕೌಂಟ್ ರೆಡಿ ಇಟ್ಕೋರಿ. 2019ರ ನಿಯಮದಾಗ ಸ್ಟೈಪೆಂಡ್ ಕಡಿಮಿ ಅಂದ್ರೂ ಡಿಗ್ರಿಯವ್ರಿಗೆ ತಿಂಗಳಿಗೆ 9,000, ಡಿಪ್ಲೊಮಾದವ್ರಿಗೆ 8,000 ಇತ್ತು, ಈಗಿಂದು ಪೋರ್ಟಲ್ ಮ್ಯಾಲ ನೋಡ್ಕೋರಿ, ಜಾಸ್ತಿ ಕೊಡಾಕ ಕಂಪನಿಗೆ ಅಡ್ಡಿ ಇಲ್ಲ. ಮುಗದ ಮ್ಯಾಲ ಸರ್ಕಾರದ ಸರ್ಟಿಫಿಕೇಟ್ ಬರತೈತಿ, ಅದನ್ನ ಉದ್ಯೋಗ ವಿನಿಮಯ ಕಚೇರಿಯೊಳಗ ಕೆಲಸದ ಅನುಭವ ಅಂತ ನೋಂದಸಾಕ ಬರತೈತಿ.

ಈಗ ಇದ್ರಾಗಿನ ಗುಟ್ಟು. ಆ ಕಡಿಮಿ ಸ್ಟೈಪೆಂಡ್‌ನ್ಯಾಗ ಅರ್ಧಾ ಸರ್ಕಾರ ಕೊಡತೈತಿ. 30 ಮಂದಿ ಅಥವಾ ಹೆಚ್ಚಿದ್ದ ಕಂಪನಿ ತನ್ನ ಮಂದಿ ಲೆಕ್ಕದಾಗ 2.5ರಿಂದ 15 ಪರ್ಸೆಂಟ್ ಅಪ್ರೆಂಟಿಸ್ ಇಟ್ಕೊಳ್ಳೂದು ಕಡ್ಡಾಯ, 4ರಿಂದ 29 ಮಂದಿ ಇದ್ದಲ್ಲಿ ಅವ್ರ ಇಚ್ಛಾ. ಮಚ್ಛೆ, ಉದ್ಯಮಬಾಗದ ಭಾಳ ಮಾಲಕರಿಗೆ ಈ ಅರ್ಧಾ ರೊಕ್ಕದ ಮಾತ ಗೊತ್ತಿಲ್ಲ. "ಫ್ರೆಶರ್ ಬ್ಯಾಡಪಾ" ಅಂದ ಕಂಪನಿಗೆ ನೀವ "ಸರ್, ನ್ಯಾಟ್ಸ್ ಅಪ್ರೆಂಟಿಸ್ ಅಂತ ಒಂದು ವರ್ಷ ತಗೋರಿ, ನನ್ನ ಕೆಲಸಾ ಮನಸ್ಸಿಗೆ ಬಂದ್ರ ಮುಂದ ನೋಡೂಣು" ಅಂತ ಹೇಳಿ ನೋಡ್ರಿ. ಹೆದರಿಕಿ ಮೂರೂ ಒಂದ ಮಾತಿಗೆ ಅರ್ಧಾ ಆಗ್ತಾವ. ಆದ್ರ ಡಿಗ್ರಿ ಮುಗಿಸಿ ಭಾಳ ವರ್ಷ ಆಗಿದ್ರ, ಇಲ್ಲಾ ಈಗಾಗ್ಲೇ ಒಂದು ವರ್ಷ ನೌಕರಿ ಮಾಡಿದ್ರ ಇದು ಸಿಗೂದಿಲ್ಲ, ಅದಕ್ಕ ಪಾಸಾದ ವರ್ಷನ ಹಾಕ್ರಿ.

ಇನ್ನೊಂದು ಪಿಎಂ ಇಂಟರ್ನ್‌ಶಿಪ್, 2024ರ ಅಕ್ಟೋಬರ್‌ದಾಗ ಶುರುವಾದದ್ದು, ಶುರುವಾದಾಗ 21ರಿಂದ 24 ವಯಸ್ಸಿನವ್ರಿಗೆ, ದೊಡ್ಡ ಕಂಪನಿಯೊಳಗ 12 ತಿಂಗಳು, ತಿಂಗಳಿಗೆ 5,000 ಮತ್ತ ಒಂದ್ಸಲಕ್ಕ 6,000 ಇತ್ತು. ಊರು ಬಿಟ್ಟು ಹೋಗೂದಾದ್ರ 5,000 ರೂಮ್ ಬಾಡಗೀಗೆ ಹೋಗತೈತಿ, ಹತ್ರ ಸಿಕ್ರ ಮಾತ್ರ ಹೋಗ್ರಿ ಅಂತೀನಿ.

ರೊಕ್ಕಾ ಕೊಟ್ಟು ತಗೊಳ್ಳೂ ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಇದ್ರಾಗ ಬರೂದಿಲ್ಲ. ಒಂದ ಬ್ಯಾಚ್‌ನ ನಲವತ್ತು ಮಂದಿ ಅದ ಕಂಪನಿ, ಅದ ಟೈಟಲ್, ಅದ ತಾರೀಖು ಹಾಕ್ಕೊಂಡು ಬಂದ್ರ ನಾವು ಅದನ್ನ ಓದೂದೂ ಇಲ್ಲ.

ಹಂತ 4: ರೆಸ್ಯೂಮೆ

ಒಂದ ಪುಟ. ಮ್ಯಾಲ ಫೋನ್ ನಂಬರ್, ಊರು, "ಉದ್ಯಮಬಾಗ, ಮಚ್ಛೆ, ಹೊನಗಾಕ್ಕ ಸ್ವಂತ ಗಾಡಿ ಮ್ಯಾಲ ಬರಬಲ್ಲೆ" ಅಂತ ಒಂದು ಸಾಲು, ಇದು ಸಣ್ಣದು ಅನಸ್ತೈತಿ ಆದ್ರ ಎರಡನೇ ಪಾಳಿ ರಾತ್ರಿ ಬಿಟ್ಟಾಗ ಬಸ್ ಸಿಗದ ತ್ರಾಸು ಎಚ್‌ಆರ್‌ಗೆ ಗೊತ್ತು. ಅದರ ಕೆಳಗ ಮಾಡಿದ ಕೆಲಸಾ. "ಕ್ವಾಲಿಟಿ ಕಂಟ್ರೋಲ್ ಜ್ಞಾನ ಐತಿ" ಅಂತ ಬರೀಬ್ಯಾಡ್ರಿ, "0.01 ಮೈಕ್ರೋಮೀಟರ್, ಬೋರ್ ಗೇಜ್ ವಾಪರಿಸಿ ಟರ್ನಿಂಗ್ ಪಾರ್ಟ್‌ಗೆ ಇನ್‌ಸ್ಪೆಕ್ಷನ್ ರಿಪೋರ್ಟ್ ಮಾಡೀನಿ" ಅಂತ ಬರೀರಿ. ಗುರಿ, ಹವ್ಯಾಸ, ಅಪ್ಪನ ಹೆಸರು, ಕೊನೀಗೆ ಪ್ರತಿಜ್ಞೆ ಎಲ್ಲಾ ತಗೀರಿ.

ನೌಕ್ರಿ ಡಾಟ್ ಕಾಮ್‌ನ್ಯಾಗ ಕಂಪನಿಯವ್ರು ವರ್ಷದ ಫಿಲ್ಟರ್ ಹಾಕಿ ಹುಡುಕ್ತಾರ, ಅಪ್ರೆಂಟಿಸ್ ಮಾಡಿದ ತಿಂಗಳೆಲ್ಲಾ ಅನುಭವದ ಜಾಗಾದಾಗನ ತುಂಬ್ರಿ, ಹುದ್ದೆ ಹೆಸರಿನ ಮುಂದ ಅಪ್ರೆಂಟಿಸ್ ಅಂತ ಸ್ವಚ್ಛ ಬರೀರಿ. ಪ್ರೊಫೈಲ್ ಆಗಾಗ ಅಪ್‌ಡೇಟ್ ಮಾಡ್ಕೋತ ಇರ್ರಿ, ಹಳೇ ಪ್ರೊಫೈಲ್ ಕೆಳಗ ಹೋಗಿಬಿಡತೈತಿ.

ಹಂತ 5: ಗೇಟಿಗೆ ಹೋಗ್ರಿ, ಫೋನ್ ಮಾಡ್ರಿ

ನಮ್ಮೂರಿನ ಸಣ್ಣ ಶಾಪ್‌ಗಳ ಎಷ್ಟೋ ನೌಕರಿ ಆನ್‌ಲೈನ್ ಬರೂದ ಇಲ್ಲ. ಗೇಟಿಗೆ ಕನ್ನಡದಾಗೋ ಮರಾಠಿಯೊಳಗೋ ಒಂದು ಹಾಳಿ ಅಂಟಿಸಿರ್ತಾರ, ಇಲ್ಲಾ ಕೆಲಸದವ್ರಿಗೆ "ಯಾರರ ಹುಡುಗೂರು ಇದ್ರ ಹೇಳ್ರಿ" ಅಂದಿರ್ತಾರ. ಮುಂಜಾನೆ ಮೊದಲ ತಾಸು ಪ್ರೊಡಕ್ಷನ್ ಗಡಿಬಿಡಿ ಇರತೈತಿ, ಮಧ್ಯಾಹ್ನ ಊಟ ಆದಮ್ಯಾಲ ಹೋಗ್ರಿ. ವಾಚ್‌ಮನ್ ಕಾಕಾಗ ಮೊದಲ ನಮಸ್ಕಾರ ಮಾಡ್ರಿ, ಒಳಗ ಯಾರು ಇದ್ದಾರ, ಯಾವಾಗ ಭೇಟಿ ಆಗ್ತಾರ ಅನ್ನೂದು ಎಚ್‌ಆರ್‌ಕಿಂತ ಅವ್ರಿಗೆ ಚೊಲೋ ಗೊತ್ತು. ಥೋಡೆ ಮರಾಠಿ ಬಂದ್ರ ಶಾಪ್ ಫ್ಲೋರ್‌ದಾಗ ಭಾಳ ಅನುಕೂಲ.

ವಾಟ್ಸಾಪ್‌ನ್ಯಾಗ ಬರೇ "ಹಾಯ್ ಸರ್ ಎನಿ ವೇಕನ್ಸಿ" ಅಂತ ಕಳಸಬ್ಯಾಡ್ರಿ. ಹಿಂಗ ಕಳಸ್ರಿ:

"ನಮಸ್ಕಾರ ಸರ್. ನಿಮ್ಮ ಕ್ಯೂಸಿ ಹುದ್ದೆಯ ಜಾಹೀರಾತು ನೋಡಿದೆ. 2 ವರ್ಷ ಅನುಭವ ಕೇಳಿದ್ದೀರಿ, ನಾನು ಈ ವರ್ಷ ಡಿಪ್ಲೊಮಾ ಮುಗಿಸಿದ್ದೇನೆ. ಮೈಕ್ರೋಮೀಟರ್, ಹೈಟ್ ಗೇಜ್ ಬಳಸಲು, ಡ್ರಾಯಿಂಗ್ ಓದಲು ಬರುತ್ತದೆ. ನಾನೇ ಮಾಡಿದ ಇನ್‌ಸ್ಪೆಕ್ಷನ್ ರಿಪೋರ್ಟ್ ಜೊತೆಗೆ ಕಳಿಸಿದ್ದೇನೆ. ಶಾಪ್‌ನಲ್ಲಿ ಟೆಸ್ಟ್ ತೆಗೆದುಕೊಂಡರೆ ಬರಲು ಸಿದ್ಧ. ಅಪ್ರೆಂಟಿಸ್ ಆಗಿ ಸೇರಲೂ ಒಪ್ಪಿಗೆ ಇದೆ."

ಅನುಭವ ಇಲ್ಲ ಅನ್ನೂದನ್ನ ನೀವ ಮೊದಲ ಹೇಳಿಬಿಟ್ರ ಎಚ್‌ಆರ್ ಅದನ್ನ ಮುಂದ ಎಳದು ಕೇಳೂದು ಕಡಿಮಿ ಆಗತೈತಿ. ಒಂದು ವಾರ ಬಿಟ್ಟು ಒಂದ್ಸಲ ಫೋನ್, ಅದಕ್ಕಿಂತ ಜಾಸ್ತಿ ಬ್ಯಾಡ.

ಹಂತ 6: ಇಂಟರ್ವ್ಯೂದಾಗ ಬರೂ ಎರಡು ಪ್ರಶ್ನೆ

"ಬಿಟ್ಟು ಹೋಗ್ತಿಯೇನಪಾ?" ಅಂತ ಕೇಳೇ ಕೇಳ್ತಾರ. ಜನ್ಮಪೂರ್ತಿ ಇಲ್ಲೇ ಇರ್ತೀನಿ ಸರ್ ಅಂದ್ರ ಯಾರೂ ನಂಬೂದಿಲ್ಲ. "ಮನಿ ಇಲ್ಲೇ ಅನಗೋಳದಾಗ ಐತ್ರಿ, ಎರಡು ವರ್ಷ ಕಲತು ಗಟ್ಟಿ ಆಗೂತನಾ ಎಲ್ಲೂ ಹೋಗೂದಿಲ್ರಿ, ಹೋಗೂದಾದ್ರ ನೋಟಿಸ್ ಕೊಟ್ಟು ಇನ್ನೊಬ್ಬರಿಗೆ ಕಲಿಸಿ ಹೋಗ್ತೀನಿ" ಅಂದ್ರ ಮಾಲಕರು ತಲಿ ಅಲ್ಲಾಡಸ್ತಾರ.

ಎರಡನೇದ್ದು ಗ್ಯಾಪ್. ಧಾರವಾಡಕ್ಕೋ ವಿಜಯಪುರಕ್ಕೋ ಹೋಗಿ ಪಿಎಸ್‌ಐ, ಕೆಎಎಸ್, ಬ್ಯಾಂಕ್ ಅಂತ ಎರಡು ವರ್ಷ ಓದಿದವ್ರು ಭಾಳ ಮಂದಿ ಅದಾರ, ಅದನ್ನ ಮುಚ್ಚಿಡೂ ಅಗತ್ಯ ಇಲ್ಲ. ಓದ್ತಿದ್ದೆ, ಇಷ್ಟು ಪರೀಕ್ಷೆ ಬರದೆ, ಆಗ್ಲಿಲ್ಲ, ಈಗ ಬಿಟ್ಟೀನಿ ಅಂತ ಹೇಳ್ರಿ. "ಬಿಟ್ಟೀನಿ" ಅನ್ನೂದ ಮುಖ್ಯ, ಮುಂದಿನ ನೋಟಿಫಿಕೇಶನ್ ಬಂದ್ರ ರಜಾ ಹಾಕಿ ಓದಾಕ ಕುಂಡ್ರ್ತಾನ ಅನ್ನೂ ಸಂಶಯ ಅವ್ರಿಗೆ ಇದ್ದ ಇರತೈತಿ. ಇನ್ನೂ ಓದಾವ್ರಿದ್ರ ಸುಳ್ಳ ಹೇಳಬ್ಯಾಡ್ರಿ, ಅಪ್ರೆಂಟಿಸ್ ನೋಡ್ರಿ. ನೌಕರಿ ಹುಡುಕೂ ನಡುವ ಬಸ್ ಚಾರ್ಜಿಗೆ ರಾಜ್ಯ ಸರ್ಕಾರದ ಯುವನಿಧಿ ಐತಿ, ಪಾಸಾಗಿ 180 ದಿನ ಆದ್ರೂ ಕೆಲಸಾ ಸಿಗದಿದ್ರ ಡಿಗ್ರಿಯವ್ರಿಗೆ ತಿಂಗಳಿಗೆ 3,000, ಡಿಪ್ಲೊಮಾದವ್ರಿಗೆ 1,500, ಎರಡು ವರ್ಷದ ಮಟ್ಟಿಗೆ.

ಸುಳ್ಳ ಅನುಭವದ ಸಹವಾಸ ಬ್ಯಾಡ್ರಿ

"30 ಸಾವಿರ ಕೊಡ್ರಿ, 3 ವರ್ಷದ ಎಕ್ಸ್‌ಪೀರಿಯನ್ಸ್ ಲೆಟರ್, ಸ್ಯಾಲರಿ ಸ್ಲಿಪ್ ಎಲ್ಲಾ ಕೊಡ್ತೀವಿ" ಅನ್ನಾವ್ರು ಬೆಂಗಳೂರಾಗ ಓಣಿಗೊಬ್ಬರು ಸಿಗ್ತಾರ. ನೀತಿ ಮಾತು ಬದೀಗಿಡ್ರಿ, ಇದು ಸಿಗಬೀಳೂ ದಾರಿ ಭಾಳ ಸರಳ ಐತಿ. ದೊಡ್ಡ ಕಂಪನಿ ಬ್ಯಾಕ್‌ಗ್ರೌಂಡ್ ಚೆಕ್ ಮಾಡುವಾಗ ಪಿಎಫ್ ಸರ್ವಿಸ್ ಹಿಸ್ಟರಿ ಕೇಳ್ತಾರ, ಅದ್ರಾಗ ಯಾವ ಕಂಪನಿ, ಸೇರಿದ ತಾರೀಖು, ಬಿಟ್ಟ ತಾರೀಖು ಎಲ್ಲಾ ಇರತೈತಿ. ಅದರ ಮ್ಯಾಲ ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 16 (ಪಗಾರದಾಗ ಹಿಡದ ಟ್ಯಾಕ್ಸಿಗೆ ಕಂಪನಿ ಕೊಡೂ ಸರ್ಟಿಫಿಕೇಟ್). ಪ್ರಿಂಟರ್‌ನ್ಯಾಗ ಲೆಟರ್ ಬರತೈತಿ, ಮೂರು ವರ್ಷ ಹಿಂದಿನ ತಿಂಗಳಾ ತಿಂಗಳಾ ಪಗಾರ ಜಮಾ ಎಲ್ಲಿಂದ ತರ್ತೀರಿ? ಸೇರಿ ಎಂಟು ತಿಂಗಳಾದ ಮ್ಯಾಲೂ ಸಿಕ್ಕಿಬಿದ್ರ ತಗದು ಹಾಕ್ತಾರ, ಆಗ ಖರೇ ಮಾಡಿದ ಎಂಟು ತಿಂಗಳೂ ಹೇಳ್ಕೊಳ್ಳಾಕ ಬರೂದಿಲ್ಲ.

ನೌಕರಿ ಕೊಡಸ್ತೀನಿ, ಡಿಪಾಸಿಟ್ ಕಟ್ರಿ, ಟ್ರೇನಿಂಗ್ ಫೀ ಕಟ್ರಿ ಅನ್ನೂದೂ ಇದ ಜಾತಿ.

ಹಂತ 7: ನೌಕರಿ ಸಿಕ್ಕ ದಿನದಿಂದ ಕಾಗದ ಕೂಡಿಹಾಕ್ರಿ

ಮೊದಲನೇ ನೌಕರಿ ಸಣ್ಣ ಶಾಪ್‌ನ್ಯಾಗ ಸಿಗೂದ ಜಾಸ್ತಿ, ಮತ್ತ ಅಲ್ಲೇ ಎರಡು ವರ್ಷ ದುಡದು ಹೊರಗ ಬಂದಾಗ ಕೈಯಾಗ ಒಂದು ಚೀಟಿನೂ ಇಲ್ಲದ ಹುಡುಗೂರನ್ನ ಭಾಳ ನೋಡೀನಿ. ಕೆಲಸಾ ಖರೇ, ಕಲತದ್ದು ಖರೇ, ಪ್ರೂಫ್ ಇಲ್ಲ, ಹೊಳ್ಳಿ ಫ್ರೆಶರ್. ಅದಕ್ಕ ಅಪಾಯಿಂಟ್‌ಮೆಂಟ್ ಲೆಟರ್ ಕೇಳ್ರಿ, 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಲೇಬರ್ ಕೋಡ್‌ನ್ಯಾಗ ಅದನ್ನ ಕೊಡೂದು ಕಡ್ಡಾಯ ಮಾಡ್ಯಾರ. ಪಗಾರ ಕೈಯಾಗ ಬ್ಯಾಡ, ಬ್ಯಾಂಕಿಗೆ ಹಾಕ್ರಿ ಅಂತ ಮೊದಲನೇ ತಿಂಗಳನ ಕೇಳ್ರಿ. ಸ್ಲಿಪ್ ಕೊಡದಿದ್ರ ಎಚ್‌ಆರ್‌ಗೆ ಮೇಲ್ ಹಾಕಿ ತರಿಸ್ಕೋರಿ.

20 ಮಂದಿ ಅಥವಾ ಹೆಚ್ಚಿದ್ದ ಕಡೆ ಪಿಎಫ್ ಬರತೈತಿ, ಕೈಗೆ ಬರೂ ಪಗಾರ ಕಡಿಮಿ ಆಗತೈತಿ ಅಂತ ಪಿಎಫ್ ಬ್ಯಾಡ ಅನ್ನಬ್ಯಾಡ್ರಿ, ಅದು ನಿಮ್ಮ ಅನುಭವದ ಸರ್ಕಾರಿ ದಾಖಲೆ. ಅಪ್ರೆಂಟಿಸ್ ಕಾಯ್ದೆ ಕೆಳಗ ಇದ್ದಾಗ ಮಾತ್ರ ಪಿಎಫ್ ಇರೂದಿಲ್ಲ, ಅಲ್ಲಿ ಸರ್ಟಿಫಿಕೇಟ್ ಒಂದ ಆಧಾರ, ಅದನ್ನ ಬಿಡದ ತಗೋರಿ.

ಬಾಂಡ್ ಬರದು ಕೊಡು ಅಂದ್ರ ಓದದ ಸಹಿ ಹಾಕಬ್ಯಾಡ್ರಿ. ಬಾಂಡ್ ಎಲ್ಲಾ ಸುಮ್ನ ಅಂಜಸಾಕ, ಕೋರ್ಟ್‌ನ್ಯಾಗ ನಿಲ್ಲೂದಿಲ್ಲ ಅಂತ ಹೇಳಾವ್ರು ಇರ್ತಾರ, ಆದ್ರ 2025ರ ಮೇ ತಿಂಗಳದಾಗ ವಿಜಯಾ ಬ್ಯಾಂಕ್ ಕೇಸ್‌ನ್ಯಾಗ 3 ವರ್ಷ ಮುಗಿಸದ ಬಿಟ್ರ 2 ಲಕ್ಷ ಕಟ್ಟಬೇಕು ಅನ್ನೂ ಷರತ್ತನ್ನ ಸುಪ್ರೀಂ ಕೋರ್ಟ್ ಎತ್ತಿಹಿಡದೈತಿ. ಅದಕ್ಕ ಎಷ್ಟು ವರ್ಷ, ಎಷ್ಟು ರೊಕ್ಕ, ಏನು ಟ್ರೇನಿಂಗ್ ಕೊಡ್ತಾರ ಅನ್ನೂದು ಕೇಳಿ ಬರಸ್ಕೋರಿ. 14 ಸಾವಿರ ಪಗಾರಕ್ಕ ಮೂರು ವರ್ಷದ ಬಾಂಡ್ ಅಂದ್ರ ನಾನಾದ್ರ ಎದ್ದು ಬರ್ತೀನಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಕೋತೀವಿ ಅಂದ್ರ ಝೆರಾಕ್ಸ್ ಕೊಡ್ತೀನ್ರಿ, ಒರಿಜಿನಲ್ ನೋಡಿ ವಾಪಸ್ ಕೊಡ್ರಿ ಅನ್ರಿ.

ಬಿಡುವಾಗ ನೋಟಿಸ್ ಪೂರ್ತಿ ಮಾಡಿ ರಿಲೀವಿಂಗ್ ಲೆಟರ್ ಮತ್ತ ಅನುಭವದ ಲೆಟರ್ ಎರಡೂ ತಗೋರಿ, ಅದ್ರಾಗ ಹುದ್ದೆ ಹೆಸರು, ಎರಡೂ ತಾರೀಖು, ಮಾಡಿದ ಕೆಲಸಾ ಬರದಿರಬೇಕು. ಪಿಎಫ್ ಸೈಟ್‌ನ್ಯಾಗ ಬಿಟ್ಟ ತಾರೀಖು ಹಾಕ್ಯಾರೋ ಇಲ್ಲೋ ಒಂದೆರಡು ತಿಂಗಳು ಬಿಟ್ಟು ಚೆಕ್ ಮಾಡ್ರಿ, ಹಾಕದಿದ್ರ ಮುಂದಿನ ಕಂಪನಿಯೊಳಗ ಎರಡು ನೌಕರಿ ಒಂದ ಟೈಮ್‌ದಾಗ ಮಾಡಿದಂಗ ಕಾಣಸ್ತೈತಿ. ಮತ್ತ ಅಲ್ಲಿ ಹೊಸ ಯುಎಎನ್ (ನೌಕರಿ ಬದಲಾದ್ರೂ ಬದಲಾಗದ ಪಿಎಫ್ ನಂಬರ್) ಮಾಡಿಸಬ್ಯಾಡ್ರಿ, ಹಳೇ ನಂಬರನ ಕೊಡ್ರಿ.